ಹಡಗು ಬರಲಿಲ್ಲ, ಲಾರಿ ಬಂತು

ಭಾಗ 1

ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಈ ಕಥೆ ಬಂದಿರುತ್ತೆ. ಎರಡನೇ ಮಹಾಯುದ್ಧದ ಕಾಲ. ಪೋಲೆಂಡಿನ ಹೆಂಗಸರು, ಮಕ್ಕಳು ತುಂಬಿದ ಒಂದು ಹಡಗು. ಬಂದರಿಂದ ಬಂದರಿಗೆ ಅಲೆಯುತ್ತೆ, ಯಾವ ದೇಶವೂ ಇಳಿಸ್ಕೊಳ್ಳಲ್ಲ. ಕೊನೆಗೆ ಜಾಮ್‌ನಗರಕ್ಕೆ ಬರುತ್ತೆ, ಅಲ್ಲಿನ ಮಹಾರಾಜರು ಎರಡೂ ಕೈ ಚಾಚಿ ಬರಮಾಡ್ಕೋತಾರೆ. ಕೆಳಗೆ ಕೈಮುಗಿಯೋ ಇಮೋಜಿ, ಹೆಮ್ಮೆಯಿಂದ ಶೇರ್ ಮಾಡಿ ಅನ್ನೋ ಸಾಲು.

ಮಹಾರಾಜರು ನಿಜ. ಮಕ್ಕಳು ನಿಜ. ಹಡಗು ಮಾತ್ರ ಸುಳ್ಳು.

ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರ ಆಶ್ರಯಕ್ಕೆ ಬಂದ ಮೊದಲ ಗುಂಪು ಹೊರಟದ್ದು 1942ರಲ್ಲಿ, ಸೋವಿಯತ್ ತುರ್ಕಮೆನಿಸ್ತಾನದ ಅಶ್ಗಾಬಾದ್‌ನಿಂದ. ಅದೂ ಲಾರಿಗಳಲ್ಲಿ. ನೂರೈವತ್ತಕ್ಕೂ ಹೆಚ್ಚು ಮಕ್ಕಳು. ಬೆಟ್ಟ ದಾಟಿ ಇರಾನಿನ ಮಶ್ಹದ್, ಅಲ್ಲಿಂದ ಮರುಭೂಮಿಯ ಅಂಚಿನ ಜಾಹೆದಾನ್, ಆಮೇಲೆ ಕ್ವೆಟ್ಟಾ, ಕೊನೆಗೆ ಬೊಂಬಾಯಿ. ಬಾಂದ್ರಾದಲ್ಲಿ ಕೆಲವು ತಿಂಗಳು ಇದ್ದು, ಆಮೇಲೆ ಜಾಮ್‌ನಗರದ ಹತ್ತಿರ ಸಮುದ್ರದ ಪಕ್ಕ ಇರೋ ಬಾಲಾಚಡಿಗೆ ಹೋದರು.

ಹಡಗೋ ಲಾರಿಯೋ, ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಹಡಗಿನ ಕಥೆಯಲ್ಲಿ ಆ ಮಕ್ಕಳು ಸಮುದ್ರದಿಂದಲೇ ಹುಟ್ಟಿ ಬಂದವರ ಥರ ಕಾಣ್ತಾರೆ. ಅವರ ಹಿಂದೆ ಏನೂ ಇಲ್ಲ, ಮುಂದೆ ಮಹಾರಾಜರು ಇದ್ದಾರೆ ಅಷ್ಟೇ. ಲಾರಿಗೆ ಹಾಗಲ್ಲ, ಅದಕ್ಕೊಂದು ಹೊರಟ ಊರು ಇರುತ್ತೆ. ಅಶ್ಗಾಬಾದ್ ಅಂದ ತಕ್ಷಣ ಒಂದು ಪ್ರಶ್ನೆ ಏಳಬೇಕು: ಪೋಲೆಂಡಿನ ಮಕ್ಕಳು ತುರ್ಕಮೆನಿಸ್ತಾನದಲ್ಲಿ ಏನ್ ಮಾಡ್ತಿದ್ರು?

ಆ ಪ್ರಶ್ನೆಗೆ ಉತ್ತರ ಉಳಿದದ್ದು ಹೆಚ್ಚಾಗಿ ಮನೆಗಳಲ್ಲಿ. ಸರ್ಕಾರಿ ಕಡತಗಳಲ್ಲಿ ಅಲ್ಲ. ಈ ಸರಣಿ ಅದರ ಬಗ್ಗೆ.

ಭಾಗ 2

ಮೊದಲ ಚಿತ್ರ ನೋಡಿ. ವಾರ್ಸಾ ನಗರದ ಸ್ಮಾರಕ ಅದು, 1995ರದ್ದು. ಹಳಿಯ ಮೇಲೆ ಒಂದು ತೆರೆದ ರೈಲು ಗಾಡಿ, ಅದರ ತುಂಬ ಒಂದರ ಮೇಲೊಂದು ಬಿದ್ದಂತೆ ಶಿಲುಬೆಗಳು. ಹಳಿ ಕೆಳಗಿನ ಒಂದೊಂದು ಅಡ್ಡಪಟ್ಟಿ ಮೇಲೂ ಒಂದೊಂದು ಊರಿನ ಹೆಸರು.

1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಸೇನೆ ಪಶ್ಚಿಮದಿಂದ ಪೋಲೆಂಡಿಗೆ ನುಗ್ಗಿದ್ದು ನಮಗೆಲ್ಲ ಶಾಲೆಯಲ್ಲೇ ಗೊತ್ತು. ಸೆಪ್ಟೆಂಬರ್ 17ಕ್ಕೆ ಪೂರ್ವದಿಂದ ಸ್ಟಾಲಿನ್ ಸೇನೆ ನುಗ್ಗಿದ್ದನ್ನ ನಮ್ಮ ಪಾಠದಲ್ಲಿ ಅಷ್ಟಾಗಿ ಹೇಳಲಿಲ್ಲ. ದೇಶ ಎರಡು ಹೋಳಾಯ್ತು. ಪೂರ್ವದ ಹೋಳಿನಲ್ಲಿ, ಪೋಲರು ಕ್ರೆಸಿ ಅಂತ ಕರೆಯೋ ಗಡಿನಾಡಿನಲ್ಲಿ, ಮನೆ ಖಾಲಿ ಮಾಡಿಸೋ ಕೆಲಸ ಶುರುವಾಯ್ತು.

ನಾಲ್ಕು ದೊಡ್ಡ ಅಲೆಗಳು. 1940ರ ಫೆಬ್ರವರಿ 10ರ ರಾತ್ರಿ ಮೊದಲನೆಯದು. ಹಿಂದಿನ ಯುದ್ಧದಲ್ಲಿ ಹೋರಾಡಿ ಜಮೀನು ಪಡೆದ ಮಾಜಿ ಸೈನಿಕರ ಕುಟುಂಬಗಳು, ಅರಣ್ಯ ಇಲಾಖೆಯವರ ಕುಟುಂಬಗಳು. ಏಪ್ರಿಲ್ 13ಕ್ಕೆ ಎರಡನೆಯದು. ಆಗಲೇ ಬಂಧನದಲ್ಲಿದ್ದ ಅಧಿಕಾರಿಗಳ, ಪೊಲೀಸರ, ಮೇಷ್ಟ್ರುಗಳ ಹೆಂಡತಿ ಮಕ್ಕಳು. ಆ ಹೆಂಗಸರಲ್ಲಿ ಎಷ್ಟೋ ಜನರ ಗಂಡಂದಿರನ್ನ ಅದೇ ತಿಂಗಳು ಕಾತಿನ್ ಕಾಡಿನಲ್ಲೂ ಬೇರೆ ಕಡೆಗಳಲ್ಲೂ ಗುಂಡಿಟ್ಟು ಕೊಲ್ತಾ ಇದ್ರು. ಹೆಂಡತಿಗೆ ಅದು ಗೊತ್ತಿಲ್ಲ, ಅವಳು ಕಜಾಕಸ್ತಾನದ ರೈಲಿನಲ್ಲಿ. ಜೂನ್ ಕೊನೆಗೆ ಮೂರನೆಯದು: ಜರ್ಮನ್ನರಿಂದ ತಪ್ಪಿಸ್ಕೊಂಡು ಪೂರ್ವಕ್ಕೆ ಓಡಿಬಂದಿದ್ದವರು, ಅದರಲ್ಲಿ ಹೆಚ್ಚಿನವರು ಯಹೂದಿಗಳು. 1941ರ ಮೇ, ಜೂನ್‌ನಲ್ಲಿ ನಾಲ್ಕನೆಯದು.

ಫೆಬ್ರವರಿಯ ಆ ರಾತ್ರಿಗೆ ಬನ್ನಿ. ಬಾಗಿಲು ಬಡಿತಾರೆ. ಬಂದೂಕು ಹಿಡಿದ ಸೈನಿಕರು, ಜತೆಗೆ ಕೆಲವೊಮ್ಮೆ ಅದೇ ಊರಿನ ಪರಿಚಯದವನೊಬ್ಬ. ಒಂದು ಕಾಗದ ಓದ್ತಾರೆ. ಅರ್ಧ ಗಂಟೆ, ಹೆಚ್ಚು ಅಂದ್ರೆ ಒಂದು ಗಂಟೆ ಟೈಮ್. ಏನು ತಗೊಳ್ಳೋದು?

ನೀವೇ ಒಂದು ನಿಮಿಷ ಯೋಚಿಸಿ ನೋಡಿ. ಯಾವ ಊರಿಗೆ, ಎಷ್ಟು ದಿನಕ್ಕೆ, ಏನೂ ಹೇಳಿಲ್ಲ. ಹೊರಗೆ ಮೂಳೆ ಕೊರೆಯೋ ಚಳಿ. ಮಕ್ಕಳು ನಿದ್ದೆಗಣ್ಣಲ್ಲಿ ಅಳ್ತಿದ್ದಾರೆ.

ಬದುಕುಳಿದವರ ನೆನಪುಗಳನ್ನ ಸುಮ್ಮನೆ ಓದ್ತಾ ಹೋದರೆ ಈ ಅರ್ಧ ಗಂಟೆಯೇ ಎಲ್ಲದಕ್ಕಿಂತ ವಿವರವಾಗಿ ಸಿಗುತ್ತೆ. ಗಾಬರಿಯಲ್ಲಿ ಕೆಲಸಕ್ಕೆ ಬಾರದ್ದನ್ನ ಎತ್ಕೊಂಡವರು ಇದ್ದಾರೆ. ಹೊಲಿಗೆ ಯಂತ್ರದ ತಲೆ ಬಿಚ್ಚಿ ತಗೊಂಡವರೂ ಇದ್ದಾರೆ, ಮುಂದೆ ಅದರಿಂದಲೇ ಮನೆಮಂದಿ ಹೊಟ್ಟೆ ತುಂಬಿತು. ಕೊಡಲಿ, ಗರಗಸ ತಗೊಳ್ಳಮ್ಮ, ದಪ್ಪ ಬಟ್ಟೆ ತಗೋ ಅಂತ ಮೆಲ್ಲಗೆ ಹೇಳಿಕೊಟ್ಟ ಸೋವಿಯತ್ ಸೈನಿಕನೂ ಕೆಲವರ ಕಥೆಯಲ್ಲಿ ಬರ್ತಾನೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಇದನ್ನ ಯಾವ ಕಡತವೂ ಬರೆದಿಡಲಿಲ್ಲ. ಕಡತದಲ್ಲಿ ಇರೋದು ಕುಟುಂಬದ ಯಜಮಾನನ ಹೆಸರು, ತಲೆಗಳ ಲೆಕ್ಕ, ರೈಲಿನ ನಂಬರ್.

ಭಾಗ 3

ಪೋಲಿಷ್ ಭಾಷೆಯಲ್ಲಿ ಸೈಬೀರಿಯಾಗೆ ಎರಡು ಪದ ಇವೆ. ಸಿಬೇರಿಯಾ ಅಂದ್ರೆ ಭೂಪಟದಲ್ಲಿರೋ ಜಾಗ. ಸಿಬಿರ್ ಅಂದ್ರೆ ಶಿಕ್ಷೆ. ನಮ್ಮಲ್ಲಿ ಅಂಡಮಾನ್ ಬೇರೆ, ಕರಿನೀರು ಬೇರೆ ಅಲ್ವಾ, ಹಾಗೆ. ತ್ಸಾರ್‌ಗಳ ಕಾಲದಲ್ಲಿ, 1830ರ ಮತ್ತು 1863ರ ದಂಗೆಗಳ ನಂತರ ಸಾವಿರಾರು ಪೋಲರನ್ನ ಅಲ್ಲಿಗೆ ಅಟ್ಟಿದ್ರು. ಹಾಗಾಗಿ 1940ರಲ್ಲಿ ಯಾರನ್ನಾದ್ರೂ ಉತ್ತರದ ಅರ್ಖಾಂಗೆಲ್ಸ್ಕ್ ಕಾಡಿಗೋ ಕಜಾಕಸ್ತಾನದ ಬಯಲಿಗೋ ಒಯ್ದಿದ್ರೂ, ಮನೆಯವರ ಬಾಯಲ್ಲಿ ಅದು ಸಿಬಿರ್. ಭೂಗೋಳ ತಪ್ಪು. ಹೇಳೋರಿಗೆ ಅರ್ಥ ಸರಿಯಾಗಿಯೇ ಗೊತ್ತು.

ಸಾಮಾನು ಸಾಗಿಸೋ ಗಾಡಿಗಳಲ್ಲಿ ವಾರಗಟ್ಟಲೆ ಪ್ರಯಾಣ. ನೆಲದಲ್ಲಿ ಒಂದು ತೂತು, ಅದೇ ಶೌಚ. ಮೊದಲ ದಿನಗಳಲ್ಲಿ ಹೆಂಗಸರು ಅದರ ಸುತ್ತ ಕಂಬಳಿ ಹಿಡಿದು ಮರೆ ಮಾಡ್ತಿದ್ರು. ತಲುಪಿದ ಮೇಲೆ ಮರ ಕಡಿಯೋ ಕೆಲಸ, ಕೆಲಸಕ್ಕೆ ತಕ್ಕಷ್ಟು ಬ್ರೆಡ್ಡು. ಕೆಲಸ ಮಾಡಲಾಗದವರಿಗೆ ಕಡಿಮೆ. ಮುದುಕರು, ಕೂಸುಗಳು ಮೊದಲು ಹೋದ್ರು.

ಇಂಥ ಮನೆಗಳ ಮೊಮ್ಮಕ್ಕಳು ಒಂದು ವಿಷಯ ಮತ್ತೆ ಮತ್ತೆ ಹೇಳ್ತಾರೆ: ನಮ್ಮಜ್ಜಿ ಬ್ರೆಡ್ಡಿನ ಚೂರನ್ನೂ ಎಸೆಯಲು ಬಿಡ್ತಿರಲಿಲ್ಲ. ಯಾಕೆ ಅಂತ ಕೇಳಿದ್ರೆ ಉತ್ತರ ಕೊಡ್ತಿರಲಿಲ್ಲ. ಕಥೆ ಹೇಳದವರ ಮನೆಯಲ್ಲೂ ಅಭ್ಯಾಸ ಉಳಿದುಬಿಡುತ್ತೆ ನೋಡಿ.

1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಮೇಲೇ ಬಿದ್ದ. ರಾತ್ರೋರಾತ್ರಿ ಲೆಕ್ಕಾಚಾರ ಬದಲಾಯ್ತು. ಜುಲೈ 30ಕ್ಕೆ ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕೂ ಮಾಸ್ಕೋಗೂ ಒಪ್ಪಂದ, ಆಗಸ್ಟ್‌ನಲ್ಲಿ ಗಡೀಪಾರಾದವರಿಗೆಲ್ಲ ಕ್ಷಮಾದಾನ. ಈ ಕ್ಷಮಾದಾನ ಅನ್ನೋ ಪದ ಎಂಬತ್ತು ವರ್ಷ ಆದ್ರೂ ಆ ಮನೆಗಳಲ್ಲಿ ಚುಚ್ಚುತ್ತೆ. ಯಾವ ತಪ್ಪಿಗೆ ಕ್ಷಮೆ?

ಬಿಡುಗಡೆ ಸುದ್ದಿ ಎಲ್ಲರಿಗೂ ತಲುಪಲಿಲ್ಲ. ತಲುಪಿದವರು ದಕ್ಷಿಣಕ್ಕೆ ಹೊರಟರು. ಅಲ್ಲಿ ಜನರಲ್ ಆಂಡರ್ಸ್ ಎಂಬವರು ಸೆರೆಯಿಂದ ಬಿಟ್ಟವರನ್ನೇ ಸೇರಿಸಿ ಸೇನೆ ಕಟ್ತಿದ್ರು. ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನದ ಸ್ಟೇಷನ್ನುಗಳಲ್ಲಿ ಟೈಫಸ್, ಹಸಿವು. ಬಿಡುಗಡೆಯಾದ ಮೇಲೆ ಸತ್ತವರೂ ಅಸಂಖ್ಯ. ಅಶ್ಗಾಬಾದ್‌ನ ಅನಾಥಾಲಯ ಈ ಕಾಲದ್ದು. ಮೊದಲ ಭಾಗದ ಲಾರಿ ಇಲ್ಲಿಗೆ ಬಂದು ನಿಂತಿತ್ತು.

ಭಾಗ 4

ಈ ಭಾಗ ಸ್ವಲ್ಪ ನಿಧಾನಕ್ಕೆ ಓದಿ.

ಅನಾಥಾಲಯಕ್ಕೆ ಸೇರಬೇಕಾದ್ರೆ ಮಗು ಅನಾಥ ಆಗಿರಬೇಕು. ಸೇರಿದ ಮಕ್ಕಳಿಗೆ ಊಟ ಸಿಗುತ್ತೆ, ದೇಶದಿಂದ ಹೊರಗೆ ಹೋಗೋ ಅವಕಾಶ ಸಿಗುತ್ತೆ. ತಾಯಿಗೆ ಎರಡೂ ಇಲ್ಲ. ಆಗ ಒಬ್ಬ ತಾಯಿ ಏನು ಮಾಡ್ತಾಳೆ?

ಮಗುವನ್ನ ಬಾಗಿಲಲ್ಲಿ ಬಿಟ್ಟು, ನಿನಗೆ ಅಮ್ಮ ಇಲ್ಲ ಅಂತ ಹೇಳು ಅಂತ ಕಲಿಸಿ ಹೋಗ್ತಾಳೆ. ಹೀಗೆ ಬಿಟ್ಟವರು ಒಬ್ಬಿಬ್ಬರಲ್ಲ. ಭಾರತಕ್ಕೆ ಬಂದ ಅನಾಥ ಮಕ್ಕಳಲ್ಲಿ ಕೆಲವರ ಅಪ್ಪ ಅಥವಾ ಅಮ್ಮ ಸೋವಿಯತ್ ನೆಲದಲ್ಲೋ ಸೇನೆಯಲ್ಲೋ ಬದುಕಿದ್ದರು.

ವಯಸ್ಸೂ ಹಾಗೇ. ಸೇನೆಯ ಕೆಡೆಟ್ ಶಾಲೆಗೆ ಸೇರಿದ್ರೆ ರೇಷನ್ ಸಿಗುತ್ತೆ ಅಂತ ಹುಡುಗರು ವಯಸ್ಸು ಹೆಚ್ಚಿಸಿ ಹೇಳಿದ್ರು. ಮಕ್ಕಳ ಪಟ್ಟಿಯಲ್ಲಿ ಉಳೀಬೇಕಾದವರು ಇಳಿಸಿ ಹೇಳಿದ್ರು. ಹೆಸರುಗಳ ಕಥೆ ಕೇಳಲೇಬೇಡಿ. ಪೋಲಿಷ್ ಹೆಸರನ್ನ ರಷ್ಯನ್ ಅಧಿಕಾರಿ ತನ್ನ ಲಿಪಿಯಲ್ಲಿ ಬರೆದ, ಇರಾನಿನಲ್ಲಿ ಬ್ರಿಟಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ. ಒಂದೇ ಮನೆಯ ಅಣ್ಣ ತಂಗಿ ಬೇರೆ ಬೇರೆ ಸ್ಪೆಲಿಂಗಿನಲ್ಲಿ ದಾಖಲಾದ್ರು.

ಅಂದ್ರೆ ಇತಿಹಾಸಕಾರರು ನಂಬೋ ಕಾಗದದಲ್ಲೇ ಸುಳ್ಳಿದೆ. ಸತ್ಯ ಇರೋದು ಅಡುಗೆಮನೆಯ ಮಾತಿನಲ್ಲಿ. ಸಾಮಾನ್ಯವಾಗಿ ನಾವು ಇದನ್ನ ಉಲ್ಟಾ ಅಂದ್ಕೊಂಡಿರ್ತೀವಿ. ನೆನಪು ಮೋಸ ಮಾಡುತ್ತೆ, ದಾಖಲೆ ಮಾಡಲ್ಲ ಅಂತ. ಇಲ್ಲಿ ಆ ಸುಳ್ಳೇ ಮಗುವಿನ ಜೀವ ಉಳಿಸಿತು. ಅದು ಸುಳ್ಳು ಅಂತ ಗೊತ್ತಿದ್ದದ್ದು ಮಗುವಿಗೆ ಮತ್ತು ತಾಯಿಗೆ, ಇಬ್ಬರಿಗೆ ಮಾತ್ರ. ಆ ಮಗು ಮುದುಕಿಯಾಗಿ ಬಾಯಿಬಿಡದೇ ಹೋದರೆ ದಾಖಲೆಯ ಅನಾಥೆ ಶಾಶ್ವತವಾಗಿ ಅನಾಥೆ.

ಭಾಗ 5

1942ರ ಮಾರ್ಚ್-ಏಪ್ರಿಲ್, ಆಮೇಲೆ ಆಗಸ್ಟ್. ಕ್ರಾಸ್ನೊವೊದ್‌ಸ್ಕ್ ಬಂದರಿಂದ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿಗೆ ಹಡಗುಗಳು. ಇವು ನಿಜವಾದ ಹಡಗುಗಳು, ಫಾರ್ವರ್ಡಿನವಲ್ಲ. ಸೈನಿಕರು, ಹೆಂಗಸರು, ಮಕ್ಕಳು ಸೇರಿ ಸುಮಾರು 1,15,000 ಜನ ಹೀಗೆ ಹೊರಬಂದರು. ಉಳಿದವರು, ಅಂದ್ರೆ ಹೆಚ್ಚಿನವರು, ಅಲ್ಲೇ ಉಳಿದರು. 1943ರ ಏಪ್ರಿಲ್‌ನಲ್ಲಿ ಕಾತಿನ್ ಸಮಾಧಿಗಳ ಸುದ್ದಿ ಹೊರಬಿದ್ದು, ಸ್ಟಾಲಿನ್ ಪೋಲಿಷ್ ಸರ್ಕಾರದ ಜತೆ ಸಂಬಂಧವನ್ನೇ ಕಡಿದ. ಬಾಗಿಲು ಮುಚ್ಚಿತು.

ಪಹ್ಲವಿ ತೀರದಲ್ಲಿ ಮೊದಲ ಕೆಲಸ ಹೇನು ತೆಗೆಯೋದು. ತಲೆ ಬೋಳಿಸಿದ್ರು. ಉಟ್ಟ ಬಟ್ಟೆ, ಗಂಟು, ಮೂಟೆ ಗುಡ್ಡೆ ಹಾಕಿ ಸುಟ್ಟರು. ಟೈಫಸ್ ತಡೆಯಲು ಬೇರೆ ದಾರಿ ಇರಲಿಲ್ಲ. ಎರಡು ವರ್ಷ ಕಾಡಿನಲ್ಲಿ, ಬಯಲಿನಲ್ಲಿ ಎದೆಗವಚಿ ಕಾಪಾಡಿದ್ದ ಎಷ್ಟೋ ವಸ್ತುಗಳು ಪ್ರಾಣ ಉಳಿದ ದಿನವೇ ಬೂದಿಯಾದ್ವು. ಈ ಕುಟುಂಬಗಳ ಯುದ್ಧಪೂರ್ವ ಫೋಟೋಗಳು ಯಾಕೆ ಇಷ್ಟು ಕಮ್ಮಿ ಅನ್ನೋದಕ್ಕೆ ಇದೂ ಒಂದು ಕಾರಣ. ಒಂದು ಕಾಲದ ಅಪ್ಪನ ಮುಖ ಹೇಗಿತ್ತು ಅಂತ ಹೇಳಲು ಮಾತು ಮಾತ್ರ ಉಳಿಯಿತು.

ಇನ್ನೊಂದು ಕ್ರೂರ ವಿಷಯ. ಹಸಿದು ಬತ್ತಿದ ಹೊಟ್ಟೆಗೆ ಕುರಿ ಮಾಂಸದ ಕೊಬ್ಬಿನ ಊಟ ಬಿತ್ತು. ಊಟ ಮಾಡಿಯೇ ಎಷ್ಟೋ ಜನ ಸತ್ತರು. ಎರಡನೇ ಚಿತ್ರ ಟೆಹರಾನಿನ ದೂಲಾಬ್ ಸ್ಮಶಾನದ್ದು. ಪೋಲಿಷ್ ಸಮಾಧಿಗಳೇ ಅಲ್ಲಿ ಸುಮಾರು 1,900.

ಇರಾನಿನಿಂದ ದಾರಿಗಳು ಕವಲೊಡೆದವು. ಸೈನಿಕರು ಇರಾಕ್, ಪ್ಯಾಲೆಸ್ಟೈನ್ ದಾಟಿ ಇಟಲಿಗೆ ಹೋಗಿ 1944ರ ಮೇ ತಿಂಗಳಲ್ಲಿ ಮಾಂಟೆ ಕಸೀನೋ ಬೆಟ್ಟ ಹತ್ತಿದರು. ಹೆಂಗಸರು ಮಕ್ಕಳು ತಾಂಗನ್ಯಿಕದ ತೆಂಗೇರು, ಉಗಾಂಡಾದ ಮಸಿಂಡಿ, ಮೆಕ್ಸಿಕೋದ ಸಾಂತಾ ರೋಸಾ, ನ್ಯೂಜಿಲೆಂಡಿನ ಪಹಿಯಾಟುವಾ. ಯಹೂದಿ ಮಕ್ಕಳ ಒಂದು ಗುಂಪು 1943ರ ಆರಂಭದಲ್ಲಿ ಸಮುದ್ರದ ಮೇಲೆ ಕರಾಚಿಗೆ ಬಂದು, ಅಲ್ಲಿಂದ ಸುಯೆಜ್ ಮಾರ್ಗವಾಗಿ ಪ್ಯಾಲೆಸ್ಟೈನ್ ಸೇರಿತು. ಅವರನ್ನ ಟೆಹರಾನ್ ಮಕ್ಕಳು ಅಂತಲೇ ಕರೀತಾರೆ. ಗಡೀಪಾರಾಗದೇ ಊರಲ್ಲೇ ಉಳಿದ ಅವರ ಬಂಧುಗಳನ್ನ ಜರ್ಮನ್ನರು ಕೊಂದರು. ಹಾಗಾಗಿ ಯಹೂದಿ ಮನೆಗಳಲ್ಲಿ ಇದೇ ರೈಲಿನ ನೆನಪಿಗೆ ಬೇರೆಯೇ ರುಚಿ ಇದೆ: ನಮ್ಮನ್ನ ಕೊಲ್ಲಲು ಹೊರಟ ರೈಲೇ ನಮ್ಮನ್ನ ಉಳಿಸಿತು. ಇಬ್ಬರ ನೆನಪನ್ನೂ ಒಂದೇ ಕಥೆ ಮಾಡಲು ಹೋಗಬಾರದು.

ಭಾಗ 6

ಲೆಕ್ಕದ ಜಗಳ ಹೇಳದೇ ಈ ವಿಷಯ ಪೂರ್ತಿ ಆಗಲ್ಲ.

ಯುದ್ಧದ ಕಾಲದಲ್ಲೇ ಲಂಡನ್ನಿನಲ್ಲಿದ್ದ ಪೋಲರು ಗಡೀಪಾರಾದವರು ಹತ್ತು ಲಕ್ಷಕ್ಕೂ ಹೆಚ್ಚು ಅಂತ ಅಂದಾಜು ಮಾಡಿದ್ರು. ದಶಕಗಳ ಕಾಲ ಅದೇ ಸಂಖ್ಯೆ ಓಡಾಡಿತು. ಸೋವಿಯತ್ ಒಕ್ಕೂಟ ಬಿದ್ದು ರಹಸ್ಯ ಪೊಲೀಸರ ಕಡತಗಳು ತೆರೆದಾಗ ನಾಲ್ಕು ಅಲೆಗಳಿಗೆ ಸೇರಿ ಸಿಕ್ಕ ಲೆಕ್ಕ ಸುಮಾರು 3,20,000. ಬಂಧಿತರು, ಯುದ್ಧಕೈದಿಗಳು, ಬಲವಂತವಾಗಿ ಕೆಂಪು ಸೇನೆಗೆ ಸೇರಿಸಲ್ಪಟ್ಟವರು ಇದರಲ್ಲಿ ಇಲ್ಲ.

ಬದುಕುಳಿದವರಿಗೆ ಹೇಗಾಗಿರಬೇಕು ಊಹಿಸಿ. ನಲವತ್ತು ವರ್ಷ ಪೋಲೆಂಡಿನಲ್ಲಿ ಬಾಯಿ ಬಿಡೋ ಹಾಗಿರಲಿಲ್ಲ. ಕಮ್ಯುನಿಸ್ಟ್ ಆಡಳಿತದಲ್ಲಿ ಸೋವಿಯತ್ ಗೆಳೆಯನ ಮೇಲೆ ಇಂಥ ಮಾತು ನಿಷಿದ್ಧ. ಅವರು ಹುಟ್ಟಿದ ಊರುಗಳೇ ಗಡಿ ಬದಲಾಗಿ ಆಚೆ ಹೋಗಿದ್ವು, ಎಷ್ಟೋ ಜನರ ಕಾಗದದಲ್ಲಿ ಜನ್ಮಸ್ಥಳ ಸೋವಿಯತ್ ಒಕ್ಕೂಟ ಅಂತ ಬರೆದಿತ್ತು. ಕೊನೆಗೆ ಮಾತಾಡೋ ಕಾಲ ಬಂದಾಗ, ಅಟ್ಟಿದವರ ಲೆಕ್ಕಪುಸ್ತಕವೇ ಪ್ರಮಾಣ ಆಯ್ತು. ಹಲವರಿಗೆ ಅದು ಎರಡನೇ ಅವಮಾನ.

ನನಗನಿಸೋದು: ಇತಿಹಾಸಕಾರರು ಕಡತದ ಸಂಖ್ಯೆ ಹೇಳಿದ್ದು ಸರಿ. ದುಃಖ ದೊಡ್ಡದು ಅಂತ ಸಂಖ್ಯೆ ದೊಡ್ಡದಾಗಲ್ಲ. ಆದ್ರೆ ನಾಲ್ಕನೇ ಭಾಗ ನೆನಪಿಸ್ಕೊಳ್ಳಿ. ತಾಯಿ ಮಗುವನ್ನ ಬಾಗಿಲಲ್ಲಿ ಬಿಟ್ಟದ್ದು ಮೂರು ಲಕ್ಷದಲ್ಲೂ ಇಲ್ಲ, ಹತ್ತು ಲಕ್ಷದಲ್ಲೂ ಇಲ್ಲ.

ಅದೃಷ್ಟಕ್ಕೆ ಕೆಲವರು ಬೇಗ ಎಚ್ಚೆತ್ತಿದ್ರು. ಆಂಡರ್ಸ್ ಸೇನೆಯವರು ಮಧ್ಯಪ್ರಾಚ್ಯದಲ್ಲಿದ್ದಾಗಲೇ ಜನರಿಂದ ಸಾವಿರಾರು ಹೇಳಿಕೆ ಬರೆಸ್ಕೊಂಡ್ರು. ಶಾಲಾ ಮಕ್ಕಳಿಂದಲೂ ಪ್ರಬಂಧ ಬರೆಸಿದ್ರು. ಆ ಕಾಗದಗಳು ಅಮೆರಿಕದ ಹೂವರ್ ಸಂಸ್ಥೆ ಸೇರಿದವು, 1981ರಲ್ಲಿ ಗ್ರುಜಿನ್ಸ್ಕಾ-ಗ್ರಾಸ್ ಮತ್ತು ಯಾನ್ ಗ್ರಾಸ್ ದಂಪತಿ ಮಕ್ಕಳ ಬರಹಗಳನ್ನ ಪುಸ್ತಕ ಮಾಡಿದರು. ಪೋಲೆಂಡಿನೊಳಗೇ 1987ರಲ್ಲಿ ಪೂರ್ವ ದಾಖಲಾಗಾರ ಅನ್ನೋ ಹೆಸರಲ್ಲಿ ಕೆಲವರು ಗುಟ್ಟಾಗಿ ಮನೆಮನೆಗೆ ಹೋಗಿ ನೆನಪು ಸಂಗ್ರಹಿಸಲು ಶುರು ಮಾಡಿದ್ರು. 2021ರ ಸೆಪ್ಟೆಂಬರ್ 17ಕ್ಕೆ, ಅದೇ ತಾರೀಖಿಗೆ, ಬಿಯಾವಿಸ್ಟಾಕ್ ನಗರದಲ್ಲಿ ಸಿಬಿರ್ ಮ್ಯೂಸಿಯಂ ತೆರೆಯಿತು.

ಭಾಗ 7

ಈಗ ನಮ್ಮ ಹತ್ತಿರಕ್ಕೆ. ಬಾಲಾಚಡಿ ಬಗ್ಗೆ ಎಲ್ಲರೂ ಮಾತಾಡ್ತಾರೆ. ವಾರ್ಸಾದಲ್ಲಿ ಒಳ್ಳೆಯ ಮಹಾರಾಜ ಅನ್ನೋ ಹೆಸರಿನ ಚೌಕವೇ ಇದೆ, ಜಾಮ್ ಸಾಹೇಬರಿಗೆ ಆ ಗೌರವ ಸಲ್ಲಲೇಬೇಕು. ಆದ್ರೆ ಬಾಲಾಚಡಿಯಲ್ಲಿದ್ದದ್ದು ನೂರಾರು ಮಕ್ಕಳು. ಭಾರತದಲ್ಲಿ ಅತಿ ದೊಡ್ಡ ಪೋಲಿಷ್ ಶಿಬಿರ ಇದ್ದದ್ದು ಕೊಲ್ಲಾಪುರದ ಪಕ್ಕ ವಳಿವಡೆಯಲ್ಲಿ. ನಮ್ಮ ನಿಪ್ಪಾಣಿಯಿಂದ ಒಂದು ಗಂಟೆ ದಾರಿ. 1943ರಿಂದ 1948ರವರೆಗೆ, ಸುಮಾರು 5,000 ಜನ. ಫಾರ್ವರ್ಡ್‌ನಲ್ಲಿ ಇವರಿಲ್ಲ.

ಹೆಚ್ಚಿನವರು ತಾಯಂದಿರು ಮತ್ತು ಮಕ್ಕಳು. ಗಂಡಸರು ಸೇನೆಯಲ್ಲಿ, ಇಲ್ಲಾ ಸಮಾಧಿಯಲ್ಲಿ. ಉದ್ದುದ್ದ ಬ್ಯಾರಕ್‌ಗಳು, ಶಾಲೆಗಳು, ಚರ್ಚು, ಆಸ್ಪತ್ರೆ, ನಾಟಕ, ಸ್ಕೌಟ್ ದಳ. ಪಂಚಗಂಗಾ ನದಿ. ಮರಾಠಿ ವ್ಯಾಪಾರಿಗಳ ಜತೆ ಕೈಸನ್ನೆಯ ಚೌಕಾಶಿ. ಸಿಬಿರ್ ಬಗ್ಗೆ ತುಟಿ ಬಿಗಿಹಿಡಿಯೋ ಅದೇ ಅಜ್ಜಿಯಂದಿರು ವಳಿವಡೆ ಬಗ್ಗೆ ಮಾತಾಡುವಾಗ ಬೇರೆಯೇ ದನಿಯಲ್ಲಿ ಮಾತಾಡಿದ್ದಾರೆ: ಬಿಸಿಲು, ಹಣ್ಣು, ಮಳೆಗಾಲದ ಕೆಸರು, ಹಾವಿನ ಭಯ. ಹಸಿವು ಇಲ್ಲದ ಬಾಲ್ಯ.

ಅಲ್ಲೇ ಇನ್ನೊಂದು ಪೆಟ್ಟೂ ಬಿತ್ತು. 1945ರಲ್ಲಿ ಯಾಲ್ಟಾ ಸಭೆಯಲ್ಲಿ ಅವರ ಪೂರ್ವದ ಊರುಗಳನ್ನ ಸೋವಿಯತ್‌ಗೆ ಬಿಟ್ಟುಕೊಟ್ಟರು. ಐದು ವರ್ಷದಿಂದ ಮನೆಗೆ ಹೋಗೋ ದಿನ ಎಣಿಸ್ತಿದ್ದವರಿಗೆ ಮನೆ ಅನ್ನೋದು ಬೇರೆ ದೇಶ ಆಗಿಹೋಯ್ತು. ಕೆಲವರು ಹೊಸ ಪೋಲೆಂಡಿಗೆ ಹೋದ್ರು, ಎಷ್ಟೋ ಜನ ಇಂಗ್ಲೆಂಡಿಗೆ, ಆಮೇಲೆ ಎಲ್ಲೆಲ್ಲಿಗೋ. ಹಾಗೆ ಚದುರಿದ ವಳಿವಡೆ, ಬಾಲಾಚಡಿಯ ಮಕ್ಕಳೇ ವಯಸ್ಸಾದ ಮೇಲೆ ಲಂಡನ್ನಿನಲ್ಲಿ ಸಂಘ ಕಟ್ಟಿ, ತಮ್ಮ ದಾಖಲೆ ಮತ್ತು ನೆನಪುಗಳನ್ನ ಒಟ್ಟುಗೂಡಿಸಿ ದಪ್ಪ ಪುಸ್ತಕವೊಂದನ್ನ ತಂದರು. ಮೊದಲು ಪೋಲಿಷ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಯಾರೂ ಅವರಿಗೆ ಹೇಳಿರಲಿಲ್ಲ. ತಾವು ಹೋದ ಮೇಲೆ ಹೇಳೋರು ಇರಲ್ಲ ಅಂತ ಅವರಿಗೇ ಅನಿಸಿತ್ತು.

ಮಿರಜ್‌ನಿಂದ ಕೊಲ್ಲಾಪುರದ ರೈಲು ಹತ್ತಿದ್ರೆ ಈ ಜಾಗ ದಾಟಿಯೇ ಹೋಗ್ತೀರಿ. ಈಗ ಅದರ ಹೆಸರು ಗಾಂಧಿನಗರ, ಬಟ್ಟೆ ವ್ಯಾಪಾರಕ್ಕೆ ಪ್ರಸಿದ್ಧ. ಪೋಲರು ಖಾಲಿ ಮಾಡಿದ ಬ್ಯಾರಕ್‌ಗಳಿಗೆ ದೇಶವಿಭಜನೆಯಲ್ಲಿ ಸಿಂಧ್ ಬಿಟ್ಟು ಓಡಿಬಂದ ಕುಟುಂಬಗಳು ಬಂದು ಸೇರಿದ್ವು. ಅವರಿಗೂ ಮನೆ ಬಿಡಲು ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಮುಂದಿನ ಸಲ ಅಲ್ಲಿ ಸೀರೆ ಕೊಳ್ಳುವಾಗ, ಅಂಗಡಿಯ ಹಿರಿಯರು ಮಾತಿಗೆ ಸಿಕ್ಕರೆ, ಅವರ ಅಜ್ಜಿ ಆ ದಿನ ಏನು ಎತ್ಕೊಂಡು ಬಂದ್ರು ಅಂತ ಕೇಳಿ ನೋಡಿ.